ರಿಪೋರ್ಟಿನ ಹರಳು ನೋಡಿ ಗಾಬರಿಯಾದ ಸುಹಾಸನಿಗೆ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಪುತ್ತೂರಿನಲ್ಲಿ ನಾವೆಲ್ಲ ಕ್ಷೇಮ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂತ್ರದ ರಿಪೋರ್ಟ್ ನೋಡಿದೆ. ಅದರ ಬೆನ್ನಿಗೇ ನಿನ್ನಮ್ಮನ ಫೋನು, "ಅಕ್ಕಾ, ಹುಡುಗನಿಗೆ ಕಿಡ್ನಿಯಲ್ಲಿ ಕಲ್ಲಾಗಿದೆಯಂತೆ" ಎಂದು. ಕಲ್ಲಾಗಿದೆ ಎಂದು ಆ ಕಾಗದದಲ್ಲಿ ಎಲ್ಲಿದೆ ಮಾರಾಯ? ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸಣ್ಣ ಹರಳು ಕೆಲವು ಕಂಡಿವೆ ಎಂದಷ್ಟೇ ಇದೆ. ಅದು ಗಟ್ಟಿ ಆರೋಗ್ಯದವರ ಮೂತ್ರದಲ್ಲೂ ಕಾಣುತ್ತದೆ. ಲ್ಯಾಬಿನಲ್ಲಿ ಕೂತು ನೋಡಿದವಳು ನಾನು, ನನ್ನ ಮಾತು ನಂಬು.

ಆ ಸ್ಯಾಂಪಲನ್ನು ಬೆಳಿಗ್ಗೆ ರೂಮಿನಲ್ಲೇ ಹಿಡಿದು, ಬ್ಯಾಗಿನಲ್ಲಿಟ್ಟುಕೊಂಡು ಸೈಟಿಗೆ ಹೋಗಿ, ಮಧ್ಯಾಹ್ನ ಲ್ಯಾಬಿಗೆ ಕೊಟ್ಟೆಯಂತೆ. ಮೊದಲ ತಪ್ಪು ಅಲ್ಲೇ. ಮೂತ್ರವನ್ನು ಹಿಡಿದ ಎರಡು ಗಂಟೆಯೊಳಗೆ ನೋಡಬೇಕು. ಇಟ್ಟಷ್ಟು ಹೊತ್ತೂ ಅದರೊಳಗೆ ಕರಗಿದ್ದ ಲವಣ ಬಾಟಲಿಯಲ್ಲೇ ಹರಳುಗಟ್ಟುತ್ತಾ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರಂತೂ ಟ್ಯೂಬಿನ ತಳದಲ್ಲಿ ಇಟ್ಟಿಗೆ ಪುಡಿಯ ಬಣ್ಣದ ಗಸಿ ನಿಲ್ಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅದನ್ನು ಕಂಡು ರಕ್ತವೆಂದು ಹೆದರುತ್ತಿದ್ದರು. ಟ್ಯೂಬನ್ನು ಸ್ವಲ್ಪ ಬಿಸಿ ಮಾಡಿದರೆ ಕಣ್ಣೆದುರೇ ಕರಗಿ ತಿಳಿಯಾಗುತ್ತದೆ. ಅದು ಯುರೇಟ್ ಎಂಬ ಲವಣ, ರೋಗವಲ್ಲ.

ಆದರೂ ನಿನ್ನ ರಿಪೋರ್ಟನ್ನು ಪೂರ್ತಿ ತಳ್ಳಿಹಾಕಲಾರೆ. ನೀನು ಹರಳಿನ ಸಾಲನ್ನಷ್ಟೇ ಓದಿದ್ದೀಯ, ನಾನು ಮೇಲಿನ ಸಾಲು ಓದಿದೆ: ಸ್ಪೆಸಿಫಿಕ್ ಗ್ರ್ಯಾವಿಟಿ 1.030. ಅಂದರೆ ಮೂತ್ರ ಬಹಳ ಗಟ್ಟಿ, ನೀರು ಕುಡಿದಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತು, ಮೈಯ ನೀರೆಲ್ಲ ಬೆವರಾಗಿ ಹೋದಮೇಲೆ ಮೂತ್ರಪಿಂಡಕ್ಕೆ ಉಳಿಯುವುದೇನು? ಅದೇ ಕ್ಯಾಲ್ಸಿಯಂ, ಅದೇ ಆಕ್ಸಲೇಟ್, ಕರಗಲು ನೀರು ಮಾತ್ರ ಅರ್ಧ. ಜೋನಿಬೆಲ್ಲ ಗಟ್ಟಿಯಾದಷ್ಟೂ ಡಬ್ಬಿಯ ತಳದಲ್ಲಿ ಹರಳು ಕೂರುತ್ತದಲ್ಲ, ಹಾಗೆ. ಮೂತ್ರದಲ್ಲಿ ಸಿಟ್ರೇಟ್ ಎಂಬುದೊಂದು ಇರುತ್ತದೆ, ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಹರಳಾಗಲು ಬಿಡುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು ಎನ್ನುವುದು ಅದಕ್ಕೇ. ಸಕ್ಕರೆ ಸುರಿಯಬೇಡ.

ಇನ್ನು ನಿನ್ನ ಜಿಮ್ಮಿನ ಊಟದ ವಿಷಯ. ದಿನಾ ಬೆಳಿಗ್ಗೆ ಹಸಿ ಪಾಲಕ್ ಅರೆದು ಕುಡಿಯುತ್ತೀಯಂತೆ, ಜೊತೆಗೆ ಬಾದಾಮಿ, ಮೇಲೆ 1000 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ. ಯಾರು ಹೇಳಿಕೊಟ್ಟರೋ! ಪಾಲಕ್‌ನಲ್ಲೂ ಬಾದಾಮಿಯಲ್ಲೂ ಆಕ್ಸಲೇಟ್ ತುಂಬಿದೆ. ಹೆಚ್ಚಾದ ವಿಟಮಿನ್ ಸಿ ಮೈಯೊಳಗೆ ಹೋಗಿ ಅದೂ ಆಕ್ಸಲೇಟೇ ಆಗುತ್ತದೆ. ಮೂರೂ ಒಂದೇ ಲೋಟದಲ್ಲಿ! ನಮ್ಮ ಕಡೆ ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದಲ್ಲ, ಆ ತುರಿಕೆ ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳದ್ದೇ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಒಂದಷ್ಟು ಹೋಗುತ್ತದೆ. ಮೊಸರಿನ ಜೊತೆ ತಿಂದರೆ ಇನ್ನೂ ಒಳ್ಳೆಯದು.

ಈ ಮೊಸರಿನ ಮಾತನ್ನು ಜನ ಉಲ್ಟಾ ಮಾಡುತ್ತಾರೆ. ಹರಳಿನ ಹೆಸರಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಮೊಸರು ಬಿಟ್ಟುಬಿಡುತ್ತಾರೆ. ಊಟದಲ್ಲಿ ಬರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಮೊಸರು ಬಿಟ್ಟರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೇ ಬರುವುದು. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪು ಹೆಚ್ಚಿದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ದಿನಕ್ಕೆ 5 ಗ್ರಾಂ ದಾಟಬೇಡ, ನಿನ್ನ ಮೆಸ್ಸಿನ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ.

ಎಲ್ಲ ಹರಳೂ ಒಂದೇ ಅಲ್ಲ. ನಿನ್ನದು ಸೂಕ್ಷ್ಮದರ್ಶಕದಲ್ಲಿ ಚೌಕಾಕಾರ, ನಡುವೆ ಎರಡು ಗೆರೆ ಅಡ್ಡ ಹಾದಿರುತ್ತದೆ. ಲ್ಯಾಬಿನವರು ಲಕೋಟೆ ಎನ್ನುತ್ತಾರೆ. ಹಳದಿ ಬಣ್ಣದ ಯೂರಿಕ್ ಆಮ್ಲದ ಹರಳು ಮೂತ್ರ ತೀರ ಆಮ್ಲೀಯವಾದಾಗ ಬರುತ್ತದೆ, ಪಿಎಚ್ 5.5ಕ್ಕಿಂತ ಕೆಳಗೆ. ಸಕ್ಕರೆ ಕಾಯಿಲೆಯವರಲ್ಲಿ, ಗೌಟ್ ಎಂಬ ಕೀಲುನೋವು ಇರುವವರಲ್ಲಿ, ಮಾಂಸ ಹೆಚ್ಚು ತಿನ್ನುವವರಲ್ಲಿ ನೋಡಿದ್ದೇನೆ. ಟ್ರಿಪಲ್ ಫಾಸ್ಫೇಟ್ ಹರಳು ಕಂಡು ಜೊತೆಗೆ ಪಸ್ ಸೆಲ್ಸ್, ಅಂದರೆ ಕೀವಿನ ಕಣಗಳು, ತುಂಬಿದ್ದರೆ ಸೋಂಕಿನ ಗುಮಾನಿ. ಕೆಲವು ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರೀಯವಾಗುತ್ತದೆ, ಆಗ ಈ ಹರಳು ಕಟ್ಟುತ್ತದೆ. ಆರು ಮೂಲೆಯ ಸಿಸ್ಟೀನ್ ಹರಳು ಮಾತ್ರ ಒಂದೇ ಒಂದು ಕಂಡರೂ ನಾವು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆವು. ಅದು ವಂಶದಲ್ಲಿ ಬರುವ ದೋಷ. ಸಲ್ಫಾ, ಎಸೈಕ್ಲೋವಿರ್ ತರಹದ ಔಷಧಿಗಳೂ ಹರಳಾಗುವುದುಂಟು, ಆದ್ದರಿಂದ ನುಂಗುತ್ತಿರುವ ಮಾತ್ರೆಯನ್ನೆಲ್ಲ ಡಾಕ್ಟರ ಮುಂದೆ ಹೇಳು. ಪ್ರೋಟೀನ್ ಪುಡಿಯನ್ನೂ ಹೇಳು, ಮುಚ್ಚಿಡಬೇಡ.

ನಿನ್ನಪ್ಪನಿಗೆ ಹಿಂದೆ ಕಲ್ಲು ಆಗಿತ್ತು. ಅದು ನಿನಗೆ ಗೊತ್ತಿತ್ತೋ ಇಲ್ಲವೋ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಸಾಧ್ಯತೆ ಹೆಚ್ಚು, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ಬಾಳೆದಿಂಡಿನ ರಸ, ಹುರುಳಿ ಕಟ್ಟು ಎಂದು ನಿನ್ನಮ್ಮ ಶುರುಮಾಡುತ್ತಾಳೆ. ದಿಂಡಿನ ಪಲ್ಯ ತಿನ್ನು, ರುಚಿಯೂ ಹೌದು. ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಅದರಿಂದ ಕರಗುತ್ತದೆಂದು ಕಾಯುತ್ತಾ ಕೂರಬೇಡ. ಕಲ್ಲು ಕರಗಿಸುತ್ತದೆಂದು ಆನ್‌ಲೈನಿನಲ್ಲಿ ಮಾರುವ ಪುಡಿ ಬೇಡವೇ ಬೇಡ. ಬಿಂಬುಳಿ ಎಂಬ ಹುಳಿಕಾಯಿಯ ರಸವನ್ನೂ ಔಷಧಿಯೆಂದು ಲೋಟಗಟ್ಟಲೆ ಕುಡಿಯಬೇಡ. ಹಾಗೆ ಕುಡಿದು ಆಕ್ಸಲೇಟ್ ತುಂಬಿ ಮೂತ್ರಪಿಂಡವೇ ಕೆಟ್ಟ ಪ್ರಸಂಗಗಳು ಕೇರಳದಲ್ಲಿ ವರದಿಯಾಗಿವೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿ. ಆ ಬಿಸಿಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕುಡಿಯಬೇಕಾದೀತು. ಬಣ್ಣ ತಿಳಿಹಳದಿ ಇರಲಿ. ಮಲಗುವ ಮುಂಚೆಯೂ ಒಂದು ಲೋಟ. ವಿಟಮಿನ್ ಸಿ ಮಾತ್ರೆ ಇವತ್ತೇ ನಿಲ್ಲಿಸು. ಎರಡು ವಾರ ಬಿಟ್ಟು ಲ್ಯಾಬಿನಲ್ಲೇ ಸ್ಯಾಂಪಲ್ ಕೊಟ್ಟು ಮತ್ತೆ ಪರೀಕ್ಷೆ ಮಾಡಿಸು. ಆಗಲೂ ಹರಳು ತುಂಬಿದ್ದರೆ ಡಾಕ್ಟರು ಹೇಳಿದಂತೆ ಸ್ಕ್ಯಾನಿಂಗ್, ರಕ್ತದ ಕ್ಯಾಲ್ಸಿಯಂ, ಯೂರಿಕ್ ಆಮ್ಲ, ಕ್ರಿಯಾಟಿನಿನ್ ಮಾಡಿಸಬೇಕಾದೀತು. ನಡುವೆ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಎರಡು ವಾರ ಕಾಯಬೇಡ. ನೋವಿನ ಜೊತೆ ಚಳಿಜ್ವರ ಬಂದರೆ, ಅಥವಾ ಮೂತ್ರವೇ ನಿಂತರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗು.

ನಿನ್ನಮ್ಮನಿಗೆ ಇವತ್ತೇ ಫೋನ್ ಮಾಡಿ ರಿಪೋರ್ಟಿನಲ್ಲಿ ಕಂಡದ್ದು ಹರಳು, ಕಲ್ಲಲ್ಲ ಎಂದು ಹೇಳು. ನಾನು ಹೇಳಿದ್ದನ್ನು ಅವಳು ನಂಬಿಲ್ಲ. ಎರಡನೇ ರಿಪೋರ್ಟ್ ಬಂದಾಗ ಎಲ್ಲ ಪುಟಗಳ ಫೋಟೋ ಕಳಿಸು.

ಇಂತಿ ನಿನ್ನ,
ದೊಡ್ಡಮ್ಮ