ಮದುವೆಗೆ ಮುಂಚೆ ಬೇಡ, ಪುಟ್ಟಿ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಮೂಗು, ಗದ್ದ ಎರಡಕ್ಕೂ ಆಪರೇಷನ್ ಮಾಡಿಸಿಕೊಳ್ಳಲು ಮುಂಗಡ ಕಟ್ಟಿ ಬಂದಿದ್ದೀಯಂತೆ. ಸೆಪ್ಟೆಂಬರ್ ಕೊನೆಗೆ ಆಪರೇಷನ್, ನವೆಂಬರ್ ಕೊನೆಗೆ ಮದುವೆ. ನಿಮ್ಮಮ್ಮ ಅಳುತ್ತಿದ್ದಳು. ನಿಮ್ಮಪ್ಪ ಎರಡು ದಿನದಿಂದ ಯಾರ ಹತ್ತಿರವೂ ಮಾತಾಡಿಲ್ಲವಂತೆ.

ನಾನು ಅಳುವುದೂ ಇಲ್ಲ, ಬೈಯುವುದೂ ಇಲ್ಲ. 31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅದರಲ್ಲಿ ಹೆಚ್ಚು ಕಾಲ ಆಪರೇಷನ್ ಥಿಯೇಟರಿನಲ್ಲೇ ಕಳೆದವಳು. ಇದರ ಬಗ್ಗೆ ನನಗೆ ಗೊತ್ತಿರುವುದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ, ಆಯ್ತು ಅತ್ತೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಕಡೆಯ ಒಂದು ತಪ್ಪು ಒಪ್ಪಿಕೊಳ್ಳಬೇಕು. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದೆ. ಆಗ ನಿನ್ನನ್ನು "ಗಿಣಿಮೂಗಿ" ಅಂತ ಮೊದಲು ಕರೆದವಳು ನಾನೇ. ಮುದ್ದಿಗೆ ಕರೆದೆ. ಆದರೆ ಆಮೇಲೆ ಮನೆಯವರೆಲ್ಲ ಅದನ್ನೇ ಹಿಡಿದರು, ನಿನ್ನ ಅಣ್ಣಂದಿರು ಸ್ಕೂಲಿನಲ್ಲೂ ಹೇಳಿದರು. ನೀನು ಫೋಟೊಗೆ ಯಾವಾಗಲೂ ಎದುರಿಗೇ ನಿಲ್ಲುವುದನ್ನು, ಪಕ್ಕಕ್ಕೆ ತಿರುಗದಿರುವುದನ್ನು ನಾನು ಎಷ್ಟೋ ವರ್ಷ ಗಮನಿಸಲೇ ಇಲ್ಲ. ತಪ್ಪಾಯಿತು ಕಂದ. ಈ ಆಪರೇಷನ್ ಆಸೆಯಲ್ಲಿ ನನ್ನ ಪಾಲೂ ಇದೆ. ಅದಕ್ಕೇ ನಿನ್ನನ್ನು ಷೋಕಿ ಅಂತ ಯಾರಾದರೂ ಅಂದರೆ ನನಗೆ ತಡೆಯಲು ಆಗುವುದಿಲ್ಲ.

ಮೂಗಿನ ಆಪರೇಷನ್ ಅಂದರೆ ಹಗುರಾಗಿ ಮಾತಾಡುವವರನ್ನು ಕಂಡರೂ ನನಗೆ ಆಗದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳ್ಳಿಯಿಂದ ಒಬ್ಬ ಹೆಂಗಸನ್ನು ಕರೆತಂದಿದ್ದರು. ಗಂಡ ಸಂಶಯಪಟ್ಟು ಕುಡುಗೋಲಿನಿಂದ ಮೂಗು ಕೊಯ್ದಿದ್ದ. ಸೆರಗನ್ನು ಮುಖದಿಂದ ತೆಗೆಯುತ್ತಿರಲಿಲ್ಲ, ಊಟ ಮಾಡುವಾಗಲೂ ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಡಾಕ್ಟರು ಅವಳ ಹಣೆಯ ಚರ್ಮವನ್ನು ಹುಬ್ಬಿನ ಹತ್ತಿರ ಅಂಟಿಕೊಂಡಿರುವಂತೆಯೇ ಬಿಡಿಸಿ, ಕೆಳಕ್ಕೆ ತಿರುಗಿಸಿ, ಮೂಗಿನ ಜಾಗಕ್ಕೆ ಹೊಲಿದರು. ಮೂರು ವಾರ ಹಣೆಯಿಂದ ಮೂಗಿಗೆ ಚರ್ಮದ ಸೇತುವೆ ಇತ್ತು. ಹೊಸ ಜಾಗದಲ್ಲಿ ರಕ್ತ ಓಡಾಡುವುದಕ್ಕೆ ಶುರುವಾದ ಮೇಲೆ ಆ ಸೇತುವೆ ಕತ್ತರಿಸಿದರು. ಮನೆಗೆ ಹೋಗುವ ದಿನ ಅವಳು ಕನ್ನಡಿ ಕೇಳಿದಳು. ನಾನೇ ಹಿಡಿದು ತೋರಿಸಿದೆ.

ಆವತ್ತು ನಮ್ಮ ಸರ್ಜನ್ ಒಂದು ಕಥೆ ಹೇಳಿದರು. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ಯುದ್ಧ ನಡೆದ ಕಾಲ, 1792. ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಅನ್ನುವವನು ಟಿಪ್ಪು ಕಡೆಯವರಿಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಕೊನೆಗೆ ಪುಣೆಯಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ನಾಟಿ ವೈದ್ಯ ಮೇಣದಲ್ಲಿ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಅದು ಚಿತ್ರದ ಸಮೇತ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿಯೇ ಕಾರ್ಪ್ಯೂ ಎಂಬ ಡಾಕ್ಟರು 1814ರಲ್ಲಿ ಅಲ್ಲಿ ಈ ಆಪರೇಷನ್ ಮಾಡಿದರು. ಸುಶ್ರುತ ಸಂಹಿತೆಯಲ್ಲಿ ಇನ್ನೂ ಹಿಂದೆಯೇ ಇದೆ, ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿಕೊಂಡು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ. ಇಷ್ಟು ದೊಡ್ಡ ವಿದ್ಯೆ ಇದು. ಕಳೆದುಕೊಂಡ ಮುಖವನ್ನು ವಾಪಸ್ ಕೊಡಲು ಹುಟ್ಟಿದ ವಿದ್ಯೆ.

ಇರುವ ಮೂಗನ್ನು ತಿದ್ದಲು ಅದನ್ನು ಬಳಸಬಾರದು ಅಂತ ನಾನು ಹೇಳುತ್ತಿಲ್ಲ. ಮೂಗಿನ ಕಾರಣಕ್ಕೆ ಮನೆಯಿಂದ ಹೊರಗೇ ಬಾರದವರು ಇದ್ದಾರೆ, ತಿದ್ದಿಸಿಕೊಂಡ ಮೇಲೆ ತಲೆ ಎತ್ತಿ ನಡೆದವರನ್ನೂ ನೋಡಿದ್ದೇನೆ. ನಿನಗೆ 26 ವರ್ಷ. ಮೂಗಿನ ಬೆಳವಣಿಗೆ ಯಾವಾಗಲೋ ಮುಗಿದಿದೆ, ನಿನ್ನ ಸಂಬಳ ನಿನ್ನದು, ನಿನ್ನ ಮುಖ ನಿನ್ನದು. ನಾನು ಬೇಡ ಅನ್ನುತ್ತಿರುವುದು ಆ ತಾರೀಕಿಗೆ.

ಯಾಕೆ ಅಂತ ಕೇಳು. ಮೂಗಿನ ಮೇಲಿನ ಭಾಗ ಮಾತ್ರ ಎಲುಬು, ಕೆಳಗಿನದೆಲ್ಲ ಮೃದು ಎಲುಬು. ನಿನ್ನ ಮೂಗಿನ ಮೇಲಿನ ಆ ಉಬ್ಬು ತೆಗೆಯಬೇಕಾದರೆ ಉಬ್ಬನ್ನು ಉಜ್ಜಿ ಸವೆಸಬೇಕು ಅಥವಾ ಕೆತ್ತಬೇಕು. ಆಮೇಲೆ ಸಾಮಾನ್ಯವಾಗಿ ಎರಡು ಪಕ್ಕದ ಎಲುಬನ್ನೂ ಸೀಳಿ ಹತ್ತಿರ ತರುತ್ತಾರೆ, ಇಲ್ಲದಿದ್ದರೆ ಮೇಲ್ಭಾಗ ಚಪ್ಪಟೆಯಾಗಿ ಉಳಿಯುತ್ತದೆ. ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ. ಕಣ್ಣಿನ ಸುತ್ತ ಕಪ್ಪು, ನೀಲಿ. ಅದು ಎರಡು ವಾರದಲ್ಲಿ ಇಳಿಯುತ್ತದೆ, ನಿಜ. ನಿನಗೆ ಅಲ್ಲಿ ಹೇಳಿರುವುದೂ ಇಷ್ಟೇ ಇರಬೇಕು, "ಎರಡು ವಾರದಲ್ಲಿ ಆಫೀಸಿಗೆ ಹೋಗಬಹುದು" ಅಂತ. ಆದರೆ ಒಳಗಿನ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು. ತುದಿಯ ಊತ ಎಲ್ಲಕ್ಕಿಂತ ಕೊನೆಗೆ ಇಳಿಯುವುದು. ನವೆಂಬರ್‌ನಲ್ಲಿ ಧಾರೆಗೆ ಕೂತಾಗ ನಿನ್ನ ಮುಖದಲ್ಲಿರುವುದು ಹಳೆಯ ಮೂಗೂ ಅಲ್ಲ, ಆಗಬೇಕಾದ ಹೊಸ ಮೂಗೂ ಅಲ್ಲ. ಆ ಆಲ್ಬಮ್ ಇಟ್ಟುಕೊಂಡು ಜೀವನಪೂರ್ತಿ ನೋಡುವವಳು ನೀನು.

ಇನ್ನೂ ಇದೆ. ನೀನು ಕನ್ನಡಕದವಳು. ಆಪರೇಷನ್ ಆದ ಮೇಲೆ ನಾಲ್ಕಾರು ವಾರ ಕನ್ನಡಕದ ಭಾರ ಮೂಗಿನ ಮೇಲೆ ಕೂರಬಾರದು ಅನ್ನುತ್ತಾರೆ. ಲೆನ್ಸ್ ನಿನಗೆ ಆಗಿಬರುವುದಿಲ್ಲ, ಪಿಯುಸಿಯಲ್ಲಿ ಕಣ್ಣು ಕೆಂಪಾಗಿ ಒದ್ದಾಡಿದ್ದು ನೆನಪಿದೆಯಲ್ಲ? ಅಜ್ಜಿಯ ಮೂಗುಬೊಟ್ಟನ್ನು ನಿನ್ನ ಮದುವೆಗೇ ಅಂತ ನಿಮ್ಮಮ್ಮ ತೊಳೆಸಿ ಇಟ್ಟಿದ್ದಾಳೆ. ಎರಡು ತಿಂಗಳ ಹಸಿ ಮೂಗಿಗೆ ಅದನ್ನು ತಿರುಚಿ ಹಾಕುವುದು ಬೇಡವೇ ಬೇಡ. ಮದುವೆಮನೆಯ ನೂಕುನುಗ್ಗಲು, ಯಾರದೋ ಮೊಣಕೈ, ಕಂಕುಳಲ್ಲಿರುವ ಮಗುವಿನ ತಲೆ, ಯಾವುದು ಬಡಿಯುತ್ತದೋ ಗೊತ್ತಾಗುವುದಿಲ್ಲ.

ಗದ್ದದ ವಿಷಯಕ್ಕೆ ಬರುತ್ತೇನೆ. ನೀನು ಮೂಗಿಗೆ ಅಂತ ಹೋದೆ, ಅವರು ಗದ್ದವನ್ನೂ ಸೇರಿಸಿದರು ಅಂತ ನಿಮ್ಮಮ್ಮನಿಗೆ ಸಿಟ್ಟು. ಇದರಲ್ಲಿ ಡಾಕ್ಟರು ಹೇಳಿದ್ದು ಸುಳ್ಳಲ್ಲ ಪುಟ್ಟಿ. ಗದ್ದ ಹಿಂದೆ ಸರಿದಿದ್ದರೆ ಸಾಧಾರಣ ಮೂಗೂ ಮುಂದಕ್ಕೆ ಚಾಚಿದಂತೆ ಕಾಣುತ್ತದೆ. ಕೆಲವರಿಗೆ ಗದ್ದ ಒಂದಿಷ್ಟು ಮುಂದೆ ಬಂದರೆ ಮೂಗನ್ನು ಮುಟ್ಟುವುದೇ ಬೇಕಾಗುವುದಿಲ್ಲ. ಇದನ್ನು ನೀನು ಕೇಳಿದ್ದೀಯಾ? ಎರಡೂ ಬೇಕೇ, ಒಂದೇ ಸಾಕೇ ಅಂತ? ಎರಡನ್ನೂ ಸೇರಿಸಿ ಪ್ಯಾಕೇಜ್ ರೇಟ್ ಕೊಟ್ಟರು ಅನ್ನುವುದು ಕಾರಣ ಆಗಬಾರದು.

ಗದ್ದಕ್ಕೆ ಎರಡು ದಾರಿ. ಒಂದು, ಸಿಲಿಕೋನ್ ತುಂಡನ್ನು ಎಲುಬಿನ ಮುಂದೆ ಕೂರಿಸುವುದು. ಅದು ಕೆಲವೊಮ್ಮೆ ಜರುಗುತ್ತದೆ, ಸೋಂಕಾದರೆ ತೆಗೆಯಬೇಕಾಗುತ್ತದೆ. ಇನ್ನೊಂದು, ನಿನ್ನದೇ ಗದ್ದದ ಎಲುಬನ್ನು ಬಾಯಿಯ ಒಳಗಿನಿಂದ ಸೀಳಿ, ಮುಂದಕ್ಕೆ ಸರಿಸಿ, ಪ್ಲೇಟು ಸ್ಕ್ರೂ ಹಾಕಿ ನಿಲ್ಲಿಸುವುದು. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಆಪರೇಷನ್ ಆದ ಮೇಲೆ ತುಟಿ ಜೋಮು ಹಿಡಿದಂತೆ ಆಗುವುದು ಸಾಮಾನ್ಯ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ನಿನಗೆ ಹತ್ತನೇ ಕ್ಲಾಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿದ್ದರಲ್ಲ, ಕೆಳದವಡೆಯೇ ಹಿಂದಿದೆ ಅಂದಿದ್ದರು. ಹಾಗಾದರೆ ನೋಡಬೇಕಾದ್ದು ದವಡೆಯನ್ನು, ಗದ್ದದ ತುದಿಯನ್ನಷ್ಟೇ ಅಲ್ಲ. ಆ ಹಳೆಯ ಎಕ್ಸ್‌ರೇ ಮನೆಯಲ್ಲೇ ಇದೆ, ನಿಮ್ಮಮ್ಮನ ಬೀರುವಿನಲ್ಲಿ.

ಉಸಿರಾಟವನ್ನು ಮರೆಯಬೇಡ. ಚಳಿಗಾಲದಲ್ಲಿ ನಿನ್ನ ಎಡ ಹೊಳ್ಳೆ ಕಟ್ಟುತ್ತದೆ, ಚಿಕ್ಕಂದಿನಿಂದಲೂ. ನಡುಗೋಡೆ ವಾಲಿದೆಯಾ ಅಂತ ಒಳಗೆ ನೋಡಿಸಿದ್ದೀಯಾ? ಹೊರಗೆ ಸಣ್ಣ ಮಾಡುವ ಭರದಲ್ಲಿ ಮೃದು ಎಲುಬು ಜಾಸ್ತಿ ತೆಗೆದರೆ ಒಳದಾರಿ ಕುಸಿಯುತ್ತದೆ. ನೋಡಲು ಚೆಂದದ ಮೂಗು, ರಾತ್ರಿಯೆಲ್ಲ ಬಾಯಲ್ಲಿ ಉಸಿರು. ಅದನ್ನು ಸರಿಮಾಡಲು ಇನ್ನೊಂದು ಆಪರೇಷನ್, ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದು ಎಲುಬು ತೆಗೆದು ಹಾಕಬೇಕು. ಎರಡನೇ ಸಲ ಯಾವಾಗಲೂ ಮೊದಲ ಸಲಕ್ಕಿಂತ ಕಷ್ಟ.

"ಹಾಗಾದರೆ ಮದುವೆಗೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ" ಅಂತ ನೀನು ಅನ್ನುವ ಮೊದಲೇ ಹೇಳುತ್ತೇನೆ. ಮೂಗಿನ ಫಿಲ್ಲರ್, ಅಂದರೆ ಸೂಜಿಯಿಂದ ಜೆಲ್ ತುಂಬಿ ಮೂಗಿನ ಆಕಾರ ತಿದ್ದುವುದು, ಅರ್ಧ ಗಂಟೆಯ ಕೆಲಸ, ಹೌದು. ಆದರೆ ಆ ಮದ್ದು ರಕ್ತನಾಳದೊಳಗೆ ಹೋದರೆ ಮೂಗಿನ ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣೇ ಹೋಗಿದೆ. ಪಾರ್ಲರಿನಲ್ಲಿ ಯಾರೇ ಹೇಳಲಿ, ಮುಖ ಕೊಡಬೇಡ.

ನೀನು ಇದನ್ನು ನಿಶ್ಚಯಿಸಿದ್ದು ನಿಶ್ಚಿತಾರ್ಥದ ವಿಡಿಯೊ ನೋಡಿದ ಮೇಲೆ ಅಲ್ವಾ? ಆ ವಿಡಿಯೊ ಮತ್ತು ಆ ವಾರ ನೀನು ತೆಗೆದುಕೊಂಡ ನೂರಾರು ಸೆಲ್ಫಿ. 2018ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿ ತೋರಿಸಿದ್ದಾರೆ, ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಇರುವುದಕ್ಕಿಂತ ಸುಮಾರು ನೂರಕ್ಕೆ 30ರಷ್ಟು ಅಗಲವಾಗಿ ಕಾಣುತ್ತದೆ ಅಂತ. ಐದಡಿ ದೂರ ನಿಂತು ಯಾರಿಂದಾದರೂ ತೆಗೆಸಿಕೊಂಡು ನೋಡು. ಆಗಲೂ ಬೇಕೆನಿಸಿದರೆ ಅದು ಬೇರೆ ಮಾತು. ಆದರೆ ದಿನಕ್ಕೆ ಹತ್ತಾರು ಸಲ ಕನ್ನಡಿ ನೋಡುತ್ತಿದ್ದರೆ, ಅದರಿಂದ ಆಫೀಸಿಗೂ ಹೋಗಲಾಗದಂತೆ ಆಗಿದ್ದರೆ, ನನಗೆ ಮುಚ್ಚಿಡದೆ ಹೇಳು. ಆ ಸಂಕಟಕ್ಕೆ ಕತ್ತಿ ಮದ್ದಲ್ಲ. ಮನಸ್ಸಿನ ಡಾಕ್ಟರನ್ನು ಕಾಣಲು ನಾನೇ ಜೊತೆಗೆ ಬರುತ್ತೇನೆ.

ಈ ಆಪರೇಷನ್ನಿಗೆ ಮಾಡುವ ಸಾಲದ ಕಂತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗದ ಹಾಗೆ ನೋಡಿಕೋ.

ಮದುವೆ ಮುಗಿಯಲಿ. ಮುಂದಿನ ದೀಪಾವಳಿ ಬಂದು ಹೋಗಲಿ. ಆಗಲೂ ಇದೇ ಆಸೆ ಇದ್ದರೆ, ನಿನ್ನ ಹುಡುಗನಿಗೂ ತಿಳಿಸಿ, ನಾವು ಇಬ್ಬರೂ ಹೋಗೋಣ. ಎಂಸಿಎಚ್ ಅನ್ನುವ ಸರ್ಜರಿಯ ಉನ್ನತ ಪದವಿ ಮಾಡಿದ ಪ್ಲಾಸ್ಟಿಕ್ ಸರ್ಜನ್ ಇರಲಿ, ಅಥವಾ ಇದನ್ನೇ ವರ್ಷಗಟ್ಟಲೆ ಮಾಡಿ ಕೈ ಪಳಗಿದ ಇಎನ್‌ಟಿ ಸರ್ಜನ್ ಇರಲಿ. ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲಿದೆಯಾ ನೋಡೋಣ. ಅರಿವಳಿಕೆ ಯಾರು ಕೊಡುತ್ತಾರೆ, ಐಸಿಯು ಅಲ್ಲೇ ಇದೆಯಾ ಅಂತ ನಾನು ಕೇಳುತ್ತೇನೆ, ನೀನು ಸಂಕೋಚಪಡಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆಯ ಹುಡುಗಿ ಮನೆಗೆ ವಾಪಸ್ ಬರಲೇ ಇಲ್ಲ. 21 ವರ್ಷ ಅವಳಿಗೆ. ಮನೆಯವರಿಗೆ ಹೇಳದೇ ಹೋಗಿದ್ದಳು ಅಂತ ಪೇಪರಿನಲ್ಲಿ ಓದಿ ನಾನು ಆವತ್ತು ಊಟ ಮಾಡಿರಲಿಲ್ಲ. ನೀನು ನಿಮ್ಮಮ್ಮನಿಗೆ ಹೇಳಿದ್ದೀಯ. ಅದು ನನಗೆ ಎಷ್ಟು ಸಮಾಧಾನವೋ.

ನಾಳೆ ಬೆಳಿಗ್ಗೆ ಆ ಕ್ಲಿನಿಕ್ಕಿಗೆ ಫೋನ್ ಮಾಡಿ ತಾರೀಕು ಬೇಡ ಅಂತ ಹೇಳು. ಮುಂಗಡ ವಾಪಸ್ ಕೊಡುವುದಿಲ್ಲ ಅಂದರೆ ಜಗಳ ಮಾಡುತ್ತಾ ಕೂರಬೇಡ, ಅಷ್ಟು ಹಣ ನನ್ನ ಪಿಂಚಣಿಯಿಂದ ನಾನು ಕೊಡುತ್ತೇನೆ. ಆಮೇಲೆ ನಿಮ್ಮಪ್ಪನಿಗೆ ಒಂದು ಮಾತಾಡು. ದಸರಾ ರಜೆಗೆ ಬಂದಾಗ ಆ ಎಕ್ಸ್‌ರೇ ತೆಗೆದುಕೊಂಡು ಬಾ, ಇಲ್ಲಿ ನನಗೆ ಪರಿಚಯದ ಹಲ್ಲಿನ ಡಾಕ್ಟರು ಇದ್ದಾರೆ, ತೋರಿಸೋಣ.

ನಿನ್ನ ದಾರಿ ನೋಡುವ,
ಸೋದರತ್ತೆ