ಆಪರೇಷನ್ ಥಿಯೇಟರಿನಿಂದ ಇನ್ನೊಂದು ಚೀಟಿ ಬರಬಾರದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ನಿಮಗೆ ಗೊತ್ತೇ ಇರುತ್ತದೆ. ಕೇಂದ್ರದ 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಇರಬೇಕು ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಕ್ಕನ ಹೊಟ್ಟೆ ಕೊಯ್ದಿದ್ದ ಹೊತ್ತಿನಲ್ಲಿ ಥಿಯೇಟರಿನೊಳಗೆ ಆ ಇಂಜೆಕ್ಷನ್ ಇರಲಿಲ್ಲ. ಅದಕ್ಕೇ ಈ ಪತ್ರ.

ಅಕ್ಕ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಗರ್ಭಕೋಶದಲ್ಲಿ ಗೆಡ್ಡೆ. ನಾಲ್ಕು ವರ್ಷ ಮುಟ್ಟು ಬಂದಾಗಲೆಲ್ಲ ಹತ್ತು ದಿನ, ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಆ ದಿನಗಳಲ್ಲಿ ಕಪ್ಪು ಚೂಡಿದಾರ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದಳು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಗರ್ಭಕೋಶ ತೆಗೆಯುವ ಆಪರೇಷನ್ನಿಗೆ ಎರಡು ಸಲ ದಿನ ಕೊಟ್ಟು ಎರಡು ಸಲವೂ ರಕ್ತ ಕಡಿಮೆ ಅಂತ ವಾಪಸ್ ಕಳಿಸಿದರು. ಮೊದಲ ಸಲವೇ ಕಬ್ಬಿಣದ ಡ್ರಿಪ್ ಹಾಕಿ ರಕ್ತ ಹೆಚ್ಚಿಸಬಹುದಿತ್ತು ಅಲ್ವಾ? ಯಾರೂ ಅದರ ಮಾತೇ ಎತ್ತಲಿಲ್ಲ.

ಮೂರನೇ ಸಲ ಒಳಗೆ ಕರೆದುಕೊಂಡರು. ಎರಡು ಬಾಟ್ಲಿ ರಕ್ತಕ್ಕೆ ನೀವೇ ಜನ ಕರೆತನ್ನಿ ಅಂದರು. ಭಾವ ಅದಕ್ಕೆ ಓಡಾಡುತ್ತಿದ್ದರು. ಥಿಯೇಟರ್ ಬಾಗಿಲಲ್ಲಿ ನಾನೊಬ್ಬಳೇ. ಹನ್ನೆರಡು ಗಂಟೆ ಇರಬಹುದು, ಸಿಸ್ಟರ್ ಹೊರಗೆ ಬಂದು ಕೈಗೆ ಒಂದು ಚೀಟಿ ಕೊಟ್ಟರು. "ಸ್ಟಾಕ್ ಇಲ್ಲಮ್ಮ, ಬೇಗ ತಗೊಂಡು ಬಾ, ಬ್ಲೀಡಿಂಗ್ ಜಾಸ್ತಿ ಆಗ್ತಿದೆ" ಅಂದರು. ಚೀಟಿ ಓದಿದೆ. ಆ ಹೆಸರು ನನಗೆ ಗೊತ್ತಿತ್ತು. ಅದೇ ಔಷಧಿಯ ಮಾತ್ರೆ ನಮ್ಮ ಮನೆಯ ಡಬ್ಬಿಯಲ್ಲಿತ್ತು, ಮುಟ್ಟಿನ ರಕ್ತ ಕಡಿಮೆಯಾಗಲಿ ಅಂತ ಅಕ್ಕನಿಗೆ ಬರೆದುಕೊಟ್ಟಿದ್ದದ್ದು.

ಮೊದಲನೇ ಮೆಡಿಕಲ್‌ನಲ್ಲಿ ಮಾತ್ರೆ ಮಾತ್ರ ಇತ್ತು, ಇಂಜೆಕ್ಷನ್ ಇರಲಿಲ್ಲ. ಎರಡನೆಯದರಲ್ಲಿ ಸಂಜೆ ಬರುತ್ತೆ ಅಂದರು. ಮೂರನೆಯದು ರಸ್ತೆಯಾಚೆ. ವಾಹನಗಳು ನಿಲ್ಲುತ್ತಲೇ ಇಲ್ಲ. ನಾನು ರಸ್ತೆ ಮಧ್ಯೆ ಕೈ ಮುಗಿದುಕೊಂಡು ದಾಟಿದೆ ಸಾರ್. ಅಲ್ಲಿ ಸಿಕ್ಕಿತು, ಎರಡು ಆಂಪ್ಯೂಲ್. ನೂರೈವತ್ತು ರೂಪಾಯಿಯೂ ಆಗಲಿಲ್ಲ. ವಾಪಸ್ ಬರುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಅಕ್ಕನಿಗೆ ನಾಲ್ಕು ಬಾಟ್ಲಿ ರಕ್ತ ಹಾಕಬೇಕಾಯಿತು. ಬದುಕಿದಳು. ಆಸ್ಪತ್ರೆಯ ಹೆಸರು ನಾನು ಬರೆಯುವುದಿಲ್ಲ. ಚೀಟಿ ಕೊಡುವಾಗ ಆ ಸಿಸ್ಟರ್ ಕೈಯೂ ನಡುಗುತ್ತಿತ್ತು. ತಪ್ಪು ಅವರದಲ್ಲ.

ಆಮೇಲೆ ನಾನು ಕೂತು ಓದಿದೆ. ಗಾಯದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ದೇಹವೇ ಆ ಹೆಪ್ಪನ್ನು ಕರಗಿಸುತ್ತದೆ. ಆ ಕರಗುವಿಕೆಯನ್ನು ಈ ಔಷಧಿ ತಡೆಯುತ್ತದೆ. ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ, 1960ರ ದಶಕದಲ್ಲಿ. ಹೆರಿಗೆಯಲ್ಲಿ ರಕ್ತ ಹೋಗಿ ಹೆಂಗಸರು ಸಾಯಬಾರದು ಅನ್ನುವುದು ಆ ತಾಯಿಯ ಆಸೆಯಾಗಿತ್ತು. 2017ರಲ್ಲಿ 20,000ಕ್ಕೂ ಹೆಚ್ಚು ಬಾಣಂತಿಯರ ಮೇಲೆ ನಡೆದ ಅಧ್ಯಯನ ಅವರ ಮಾತು ನಿಜ ಅಂತ ತೋರಿಸಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಬೇಗ ಕೊಟ್ಟಷ್ಟೂ ಗುಣ ಜಾಸ್ತಿ, ಹೆರಿಗೆಯಾಗಿ ಮೂರು ಗಂಟೆ ದಾಟಿದ ಮೇಲೆ ಪ್ರಯೋಜನ ಕಾಣಲಿಲ್ಲ. ಗರ್ಭಕೋಶ ತೆಗೆಯುವ ಆಪರೇಷನ್ನಿಗೇ ಡೆನ್ಮಾರ್ಕಿನಲ್ಲಿ 332 ಹೆಂಗಸರ ಮೇಲೆ ಪರೀಕ್ಷೆ ಮಾಡಿದ್ದಾರೆ. ಆಪರೇಷನ್ ಶುರುವಿನಲ್ಲೇ ಒಂದು ಗ್ರಾಂ ಕೊಟ್ಟವರಿಗೆ ರಕ್ತ ಕಡಿಮೆ ಹೋಯಿತು. ರಕ್ತಸ್ರಾವ ಅಂತ ಮತ್ತೆ ಥಿಯೇಟರಿಗೆ ಹೋಗಬೇಕಾದವರೂ ಕಡಿಮೆ. ಒಂದು ಗ್ರಾಂ ಅಂದರೆ ನಾನು ತಂದ ಆ ಎರಡು ಆಂಪ್ಯೂಲ್!

ಎಲ್ಲರಿಗೂ ಕಣ್ಣು ಮುಚ್ಚಿ ಕೊಡುವ ಔಷಧಿ ಇದಲ್ಲ. ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ, ಫಿಟ್ಸ್ ಇರುವವರಿಗೆ ಡಾಕ್ಟರ್ ಯೋಚನೆ ಮಾಡಬೇಕು. ಅದು ಡಾಕ್ಟರ್ ಕೆಲಸ. ಅವರು ಕೈ ಚಾಚಿದರೆ ಸಿಗುವ ಹಾಗೆ ಇಡುವುದು ನಿಮ್ಮ ಕೆಲಸ.

ನಾನು ಕೇಳುವುದು ಹೊಸ ಆಸ್ಪತ್ರೆಯಲ್ಲ, ಹೊಸ ಯೋಜನೆಯಲ್ಲ. ಹೆಂಗಸರಿಗೆ ಆಪರೇಷನ್ ಮಾಡುವ ಪ್ರತಿ ಸರ್ಕಾರಿ ಥಿಯೇಟರಿನಲ್ಲಿ ಈ ಇಂಜೆಕ್ಷನ್ ಇರಲಿ. ಮೊದಲ ರೋಗಿಯನ್ನು ಮಲಗಿಸುವ ಮುಂಚೆ ಇದೆಯಾ ಅಂತ ಯಾರಾದರೂ ನೋಡಿ ಸಹಿ ಹಾಕಲಿ. ಖಾಲಿಯಾದರೆ ತರಿಸುವುದು ಆಸ್ಪತ್ರೆಯೇ ಆಗಲಿ, ಬಾಗಿಲಲ್ಲಿ ಅಳುತ್ತಾ ನಿಂತ ತಂಗಿಯಲ್ಲ. ಚೀಟಿ ಬರಬಾರದು ಸಾರ್, ಅಷ್ಟೇ.

ನಮ್ಮ ಬೀದಿಯ ಇನ್ನೊಬ್ಬರಿಗೆ ಮುಂದಿನ ತಿಂಗಳು ಇದೇ ಆಪರೇಷನ್. ಮೊನ್ನೆ ಮನೆಗೆ ಬಂದು, ಯಾವ ಮೆಡಿಕಲ್‌ನಲ್ಲಿ ಸಿಕ್ಕಿತು ಅಂತ ಕೇಳಿ ಬರೆದುಕೊಂಡು ಹೋದರು. ಅವರ ದಿನ ಬರುವುದರೊಳಗೆ ಆದೇಶ ಮಾಡಿ.

ಇಂತಿ,
ಸುಂಕದಕಟ್ಟೆಯ ಒಬ್ಬ ತಂಗಿ
ಬೆಂಗಳೂರು