ಉಪಗ್ರಹ ಚಿತ್ರವಿರುವ ನಕ್ಷೆಗಳ ಬರಹದಲ್ಲಿ ಬದಲಾವಣೆ ಕುರಿತು

ಕಲಬುರಗಿ

ಮಾನ್ಯ ಗ್ರಾಹಕರೇ,

ಉಪಗ್ರಹ ಚಿತ್ರವನ್ನು ಹಿನ್ನೆಲೆಯಾಗಿಟ್ಟು ನಾವು ತಯಾರಿಸಿಕೊಡುವ ಜಮೀನು ಹಾಗೂ ಲೇಔಟ್ ನಕ್ಷೆಗಳಲ್ಲಿ ಇನ್ನು ಮುಂದೆ ಸರ್ವೆ ನಂಬರು, ಹಿಸ್ಸಾ ಮತ್ತು ಅಳತೆಯ ಪ್ರತಿ ಬರಹದ ಹಿಂದೆ ಸಣ್ಣ ಬಿಳಿ ಪಟ್ಟಿ ಇರುತ್ತದೆ.

ಇದಕ್ಕೆ ಕಾರಣ ನಮ್ಮಿಂದಲೇ ಆದ ತಪ್ಪು. ಕಳೆದ ಹಂಗಾಮಿನಲ್ಲಿ ಕೊಟ್ಟ ನಕ್ಷೆಯೊಂದರಲ್ಲಿ ಹಿಸ್ಸಾ 3 ಎಂದಿದ್ದುದನ್ನು ಗ್ರಾಹಕರೊಬ್ಬರು 8 ಎಂದು ಓದಿ, ಬೇರೆಯವರ ಹೊಲದಲ್ಲಿ ಕಲ್ಲು ನೆಡಿಸಲು ಹೊರಟಿದ್ದರು. ನಕ್ಷೆ ತರಿಸಿ ನೋಡಿದರೆ, ಬದುವಿನ ಗಿಡಗಳ ನೆರಳಿನ ಮೇಲೆ ಕಪ್ಪು ಅಂಕಿ ಬಿದ್ದು, ಅದರ ಎಡಬದಿ ಮುಚ್ಚಿಹೋದಂತಿತ್ತು. ನಮಗೂ ಅದು 8 ಎಂದೇ ಕಂಡಿತು.

ಬಣ್ಣ ಬದಲಿಸಿದರೂ ಪರಿಹಾರವಿಲ್ಲ. ನಮ್ಮ ಸೀಮೆಯ ಎರೆ ಹೊಲ ಬೇಸಿಗೆಯ ಚಿತ್ರದಲ್ಲಿ ಕಪ್ಪಗಿರುತ್ತದೆ, ತೊಗರಿ ಬೆಳೆದು ನಿಂತಾಗ ದಟ್ಟ ಹಸಿರಾಗುತ್ತದೆ. ಶಹಾಬಾದ್ ಕಡೆಯ ಕಲ್ಲುಗಣಿಗಳು ಬೆಳ್ಳಗೆ ಹೊಳೆಯುವುದರಿಂದ ಅಲ್ಲಿ ಬಿಳಿ ಅಕ್ಷರವೇ ಕಾಣದು. ಚಿತ್ರವನ್ನೇ ಮಸುಕು ಮಾಡಿಯೂ ನೋಡಿದೆವು. ಅಂಕಿಗಳು ಎದ್ದು ಕಂಡವು, ಆದರೆ ಬದು, ಬಾವಿ, ಬಂಡಿದಾರಿ ಅಳಿಸಿದಂತಾದವು. ಅವುಗಳನ್ನು ನೋಡಲೆಂದೇ ತಾವು ಚಿತ್ರ ಹಾಕಿಸುವುದು.

ಆದ್ದರಿಂದ ನಕ್ಷೆ ಬಿಡಿಸುವ ಕಂಪ್ಯೂಟರ್ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಬರಹದ ಹಿಂದೆ ಪಟ್ಟಿ ಹಾಕುವ ‘ಬ್ಯಾಕ್‌ಗ್ರೌಂಡ್ ಮಾಸ್ಕ್’ ಸೌಲಭ್ಯ ಬಳಸಲು ನಿರ್ಧರಿಸಿದ್ದೇವೆ. ಅದರಲ್ಲಿ ಅಂಚಿನ ಅಳತೆ ಮೊದಲಿನಿಂದಲೇ 1.5 ಎಂದಿರುತ್ತದೆ, ಅಂದರೆ ಅಕ್ಷರದ ಎತ್ತರದ ಅರ್ಧದಷ್ಟು ಪಟ್ಟಿ ಸುತ್ತಲೂ ಚಾಚಿಕೊಳ್ಳುತ್ತದೆ. ಸಣ್ಣ ಸಣ್ಣ ಹಿಸ್ಸಾಗಳಿರುವಲ್ಲಿ ಅಷ್ಟಗಲದ ಪಟ್ಟಿ ಗಡಿಗೆರೆಯನ್ನೇ ಮುಚ್ಚುವುದರಿಂದ ನಾವು 1.2 ಇಟ್ಟಿದ್ದೇವೆ, 2.5 ಮಿ.ಮೀ. ಎತ್ತರದ ಅಕ್ಷರದ ಸುತ್ತ ಅರ್ಧ ಮಿ.ಮೀ. ಬಿಳಿ ಬರುತ್ತದೆ, ಓದಲು ಅಷ್ಟು ಸಾಕು. ಪಟ್ಟಿಯಡಿ ಬಾವಿಯೋ ಗಡಿಕಲ್ಲೋ ಮರೆಯಾಗುವಂತಿದ್ದರೆ ಅಂಕಿಯನ್ನು ಪಕ್ಕಕ್ಕೆ ಸರಿಸಿ, ಬಾಣದ ಗೆರೆಯಿಂದ ಜಾಗ ತೋರಿಸುತ್ತೇವೆ.

ಕಾಗದದ ನಕ್ಷೆಯ ಬದಲು ಡಿಡಬ್ಲ್ಯೂಜಿ (ಆಟೋಕ್ಯಾಡ್ ನಕ್ಷೆಯ) ಫೈಲನ್ನೇ ಪಡೆಯುವವರು ಒಂದು ವಿಷಯ ಗಮನಿಸಬೇಕು. ಪಟ್ಟಿಗೆ ಪರದೆಯ ಹಿನ್ನೆಲೆ ಬಣ್ಣವನ್ನೇ ಕೊಟ್ಟಿರುವುದರಿಂದ, ಕಪ್ಪು ಪರದೆಯಲ್ಲಿ ಪಟ್ಟಿ ಕಪ್ಪಾಗಿಯೂ ಅಕ್ಷರ ಬಿಳಿಯಾಗಿಯೂ ಕಾಣುತ್ತದೆ. ಫೈಲು ಕೆಟ್ಟಿದೆ ಎಂದು ಭಾವಿಸಬೇಡಿ. ಪ್ರಿಂಟ್ ತೆಗೆದಾಗ ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರವೇ ಬರುತ್ತದೆ.

ಗಡಿ, ಅಳತೆ, ಎಕರೆ ಗುಂಟೆ ಯಾವುದೂ ಬದಲಾಗಿಲ್ಲ. ನಮ್ಮಿಂದ ಪಡೆದ ಹಳೆಯ ನಕ್ಷೆಯಲ್ಲಿ ಒಂದೇ ಒಂದು ಅಂಕಿ ಅನುಮಾನಾಸ್ಪದವಾಗಿ ಕಂಡರೂ, ದಯವಿಟ್ಟು ಕಲ್ಲು ನೆಡಿಸುವ ಮೊದಲು ಅದನ್ನು ಕಚೇರಿಗೆ ತನ್ನಿ. ಶುಲ್ಕವಿಲ್ಲದೆ ಹೊಸ ಪ್ರತಿ ಕೊಡುತ್ತೇವೆ.

ತಮ್ಮ ವಿಶ್ವಾಸಿಗಳು,
ನಕ್ಷೆ ವಿಭಾಗ